ಟೈಮ್ ಆಫೀಸಿನ ಮೂರನೆಯ ಮೆಟ್ಟಿಲು

ಮೊನ್ನೆ ಊರಿಗಾಂ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲಿನಿಂದ ಇಳಿದಾಗ ಮೊದಲು ಎದುರಾದದ್ದು ಗಾಳಿ. ಆಷಾಢ ಬಂತೆಂದರೆ ಇಲ್ಲಿ ಸೈನೈಡ್ ದಿಬ್ಬಗಳ ಪುಡಿ ಏಳುತ್ತದೆ. ಈಗ ಮುಚ್ಚಿಹೋದ ಚಿನ್ನದ ಗಣಿಯ ಕಂಪನಿಯವರು ಚಿನ್ನ ತೆಗೆದುಕೊಂಡು ಬಿಸಾಕಿದ ಮಣ್ಣು ಅದು, ಗುಡ್ಡಗಳಾಗಿ ಕೂತಿದೆ. ಸುಣ್ಣದ್ದೂ ಅಲ್ಲದ, ತುಕ್ಕಿನದ್ದೂ ಅಲ್ಲದ ಒಂದು ಒಣ ವಾಸನೆ ಗಂಟಲಿಗಿಳಿದು ಕೆಮ್ಮು ಬಂತು. ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ನಿಂತವನಿಗೆ ಹೋದ ವರ್ಷದ ಆಷಾಢ ಪೂರ್ತಿಯಾಗಿ ನೆನಪಿಗೆ ಬಂತು. ಮರೆತಿದ್ದೆ ಅಂತಲ್ಲ, ಮರೆತವನ ಹಾಗೆ ಇದ್ದೆ.

ನಾನು ಬಂಗಾರಪೇಟೆಯಲ್ಲಿ ಪಟಗಳಿಗೆ ಕಟ್ಟು ಹಾಕುವವನು. ಅಪ್ಪ ಇಟ್ಟ ಅಂಗಡಿ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ಅಪ್ಪ ನನ್ನ ಕೈಗೆ ಗರಗಸ ಕೊಟ್ಟರು. ಆಗ ಹಿಡಿದದ್ದನ್ನು ಎಪ್ಪತ್ತು ದಾಟಿದರೂ ಬಿಟ್ಟಿಲ್ಲ. ಈ ಸುತ್ತಿನ ಹಳ್ಳಿಗಳಲ್ಲಿ, ಗಣಿಯ ಆಳುಗಳ ಲೈನು ಮನೆಗಳಲ್ಲಿ ಗೋಡೆಯ ಮೇಲಿರುವ ವೆಂಕಟರಮಣ, ಮುರುಗ, ಮೇರಿಯಮ್ಮ ಎಲ್ಲರೂ ಅರ್ಧಕ್ಕರ್ಧ ನಮ್ಮ ಅಂಗಡಿಯಿಂದಲೇ ಹೋದವರು. ಬದುಕಿದ್ದವರ ಫೋಟೋ ತಂದವರೇ ಮುಂದೆ ಹಾರ ಹಾಕಲು ಅನುಕೂಲವಾಗುವಂತೆ ಮೊಳೆ ಹೊಡೆಸಿಕೊಂಡು ಹೋಗಿದ್ದಾರೆ. ಹೀಗಾಗಿ ಜನರ ಸಾವು ನನಗೆ ಸ್ವಲ್ಪ ಮುಂಚಿತವಾಗಿಯೇ ಗೊತ್ತಾಗುತ್ತದೆ ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಾಳೆ.

ಏಳೆಂಟು ವರ್ಷದಿಂದ ಅಂಗಡಿಗೆ ಬೇರೊಂದು ಥರದ ಜನ ಬರತೊಡಗಿದ್ದಾರೆ. ಅಜ್ಜ ಗಣಿಗಿಳಿಯುತ್ತಿದ್ದ ಬಾವಿಯ, ಶಾಫ್ಟಿನ, ಚಕ್ರದ ಫೋಟೋ ಇದೆಯಾ, ದೊರೆಗಳ ಕ್ಲಬ್ಬಿನದು ಇದೆಯಾ, ಚಿನ್ನ ಕರಗಿಸುತ್ತಿದ್ದ ಮನೆಯದು ಇದೆಯಾ ಎಂದು ಕೇಳುತ್ತಾರೆ. ಕಟ್ಟಡ ನಿಂತಿದ್ದಾಗ ಅದರ ಗೋಡೆಗೆ ಎಲೆಯಡಿಕೆ ಉಗುಳಿದವರೇ ಈಗ ಅದರ ಪಟಕ್ಕೆ ಚಿನ್ನದ ಬಣ್ಣದ ಕಟ್ಟು ಬೇಕು ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಆದರೂ ಯಾರಾದರೂ ಹಳೆಯ ಫೋಟೋ ತಂದರೆ ಅವರನ್ನು ಕೇಳಿ ಒಂದು ನಕಲು ತೆಗೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಒಂದು ತಗಡಿನ ಪೆಟ್ಟಿಗೆ ತುಂಬಿತು. ಈ ಪೆಟ್ಟಿಗೆಯ ಸುದ್ದಿ ಕೇಳಿಯೇ ಅಂಜಲೈಯಮ್ಮ ಬಂದದ್ದು.

ಎಂಬತ್ತು ದಾಟಿದ ಹೆಂಗಸು, ಊರಿಗಾಂ ಲೈನಿನವರು. ರೈಲಿನಲ್ಲಿ ಒಬ್ಬರೇ ಬಂದಿದ್ದರು. ಸ್ಟೂಲಿನ ಮೇಲೆ ಕೂತು, ಕೊಟ್ಟ ನೀರನ್ನು ಎತ್ತಿ ಕುಡಿದು, ಪೆಟ್ಟಿಗೆಯ ಫೋಟೋಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರಿಗೆ ಬೇಕಾಗಿದ್ದ ಕಟ್ಟಡ ಒಂದೇ, ಅವರ ಗಂಡ ಕೆಲಸ ಮಾಡುತ್ತಿದ್ದ ಶಾಫ್ಟಿನ ಟೈಮ್ ಆಫೀಸು. ಕೆಳಗಿಳಿಯುವ ಮೊದಲು ಆಳುಗಳು ತಮ್ಮ ನಂಬರಿನ ಬಿಲ್ಲೆ ಕೊಟ್ಟು, ಮೇಲೆ ಬಂದಾಗ ವಾಪಸು ಪಡೆಯುತ್ತಿದ್ದ ಕಲ್ಲಿನ ಕಟ್ಟಡ ಅದು. ಮುಂದೆ ಐದು ಮೆಟ್ಟಿಲು. ಒಂದು ಆಯುಧಪೂಜೆಯ ದಿನ ಆ ಮೆಟ್ಟಿಲುಗಳ ಮೇಲೆ ಇಡೀ ಪಾಳಿಯವರನ್ನು ನಿಲ್ಲಿಸಿ ಫೋಟೋ ತೆಗೆದಿದ್ದರು. ಗಂಡ ಮೂರನೆಯ ಮೆಟ್ಟಿಲಲ್ಲಿದ್ದರು. ಗಂಡನ ಹೆಸರು ಕೇಳಿದೆ. ಬಾಯಲ್ಲಿ ಹೇಳಲಿಲ್ಲ, ತಿರುಪತಿ ಬೆಟ್ಟದ ಸ್ವಾಮಿಯ ಹೆಸರು ಅಂದರು. ತಮಿಳರು ಕರೆಯುವ ಹಾಗೆ ಪೆರುಮಾಳಾ ಅಂದೆ. ತಲೆ ಆಡಿಸಿದರು.

ಮರುವರ್ಷವೇ ಪೆರುಮಾಳ್ ಗಣಿಯೊಳಗೆ ಸತ್ತರು. ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದಕ್ಕೆ ಇಲ್ಲಿಯವರು ಏರ್‌ಬ್ಲಾಸ್ಟ್ ಅನ್ನುತ್ತಾರೆ. ಮೇಲೆ ಲೈನಿನ ಮನೆಗಳಲ್ಲಿ ಪಾತ್ರೆಗಳು ಅಲುಗಿದರೆ ಹೆಂಗಸರು ಒಲೆ ಹಾಗೇ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರಂತೆ. ಅವತ್ತೂ ಹಾಗೆ ಓಡಿದ್ದರು. ಸಂಜೆ ತಂದದ್ದನ್ನು ಬಟ್ಟೆ ಸುತ್ತಿಯೇ ಕೊಟ್ಟರು, ಮುಖ ತೋರಿಸುವ ಹಾಗಿರಲಿಲ್ಲ. ಮಣ್ಣು ಮಾಡುವಾಗ ಅಂಜಲೈಯಮ್ಮನ ಅತ್ತೆ ಹಟ ಹಿಡಿದರಂತೆ, ಮಗ ಮುಖವಿಲ್ಲದೆ ಹೋಗಬಾರದು ಎಂದು. ಮನೆಯಲ್ಲಿದ್ದ ಒಂದೇ ಒಂದು ಫೋಟೋ, ಆ ಆಯುಧಪೂಜೆಯದು, ಅದನ್ನೇ ಎದೆಯ ಮೇಲಿಟ್ಟು ಮಣ್ಣು ಮುಚ್ಚಿದರು. ಅಂಜಲೈಯಮ್ಮ ಬೇಡ ಅನ್ನಲಿಲ್ಲ. ಫೋಟೋದ ಮೂಲ ಗಾಜು, ಅಂದರೆ ನೆಗೆಟಿವ್ ಪ್ಲೇಟು, ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋದಲ್ಲಿತ್ತು. ಗಾಜು ಸುಡಲ್ಲ, ಕೊಳೆಯಲ್ಲ, ಯಾವಾಗ ಬೇಕಾದರೂ ಇನ್ನೊಂದು ತೆಗೆದುಕೊಡ್ತೀನಿ ಎಂದು ಸ್ಟುಡಿಯೋದ ದೊರೈ ಮೇಷ್ಟ್ರು ಹೇಳಿದ್ದರು.

ಮತ್ಯಾಕೆ ಇಷ್ಟು ವರ್ಷ ಹೋಗಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತೇನೋ. ಕಂಪನಿಯ ಆಸ್ಪತ್ರೆಯಲ್ಲಿ ಗುಡಿಸುವ ಕೆಲಸ ಸಿಕ್ಕಿತು, ದಿನವೂ ಟೈಮ್ ಆಫೀಸಿನ ಮುಂದೆಯೇ ಹೋಗಿಬರುತ್ತಿದ್ದೆ ಅಂದರು. ಗಣಿ ಮುಚ್ಚಿದ ಮೇಲೂ ಆ ಕಡೆ ಹೋದಾಗ ಮೂರನೆಯ ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತು ಬರುತ್ತಿದ್ದರಂತೆ.

"ಮೆಟ್ಲು ಇರೋ ತಂಕ ನಂಗೆ ಫೋಟೋ ಬೇಕು ಅಂತ ಅನ್ಸಿಲ್ಲ ತಂಬಿ," ಅಂದರು. "ಮೊದ್ಲು ಶೀಟು ಓಯ್ತು, ಆಮೇಲೆ ಬಾಗ್ಲು. ಈಗ ಮೆಟ್ಲಿನ ಕಲ್ಲೂ ಟ್ರಾಕ್ಟರಲ್ಲಿ ಏರ್ಕೊಂಡ್ ಓಗವ್ರೆ. ಅವ್ರ ಮಕ ನಂಗೆ ಸರ್ಯಾಗಿ ಬತ್ತಾ ಇಲ್ಲ. ಸಾಯೋಕ್ ಮುಂಚೆ ಒಂದ್ಸಲ ನೋಡ್ಬೇಕು."

ಹುಡುಕುತ್ತೇನೆ ಅಂದೆ. ಆದರೆ ಆ ಗಾಜು ಏನಾಯಿತು ಎಂದು ನನಗೆ ಗೊತ್ತಿತ್ತು.

ನಾನು ಅಂಗಡಿಗೆ ಬಂದ ಹೊಸತರಲ್ಲಿ ಗಾಜಿಗೆ ಬಹಳ ತಾಪತ್ರಯವಿತ್ತು. ಬೆಂಗಳೂರಿನಿಂದ ತರಿಸಿದರೆ ಅರ್ಧ ದಾರಿಯಲ್ಲೇ ಒಡೆಯುತ್ತಿತ್ತು. ಅದೇ ಹೊತ್ತಿಗೆ ದೊರೈ ಮೇಷ್ಟ್ರು ತೀರಿಕೊಂಡು ಸ್ಟುಡಿಯೋ ಮುಚ್ಚಿತು. ಅವರು ಗಾಜಿನ ಪ್ಲೇಟಿನ ಮೇಲೆ ಫೋಟೋ ಹಿಡಿಯುತ್ತಿದ್ದ ಹಳೆಯ ಕಾಲದವರು, ಒಂದು ಕೋಣೆ ತುಂಬ ಗಾಜಿತ್ತು. ತೆಳುವಾದ, ಗುಳ್ಳೆಯಿಲ್ಲದ, ಒಳ್ಳೆಯ ಗಾಜು. ಅಪ್ಪ ಅಷ್ಟನ್ನೂ ಕೇಳಿ ತಂದರು. ಈ ಕಸುಬಿನವರು ಆಗ ಹಾಗೆ ಮಾಡುತ್ತಿದ್ದರು, ಯಾರಿಗೂ ತಪ್ಪು ಅನ್ನಿಸುತ್ತಿರಲಿಲ್ಲ. ಅಂಗಡಿಯ ಹಿಂದೆ ಹಂಡೆಯಲ್ಲಿ ನೀರು ಕಾಯಿಸಿ, ಬಟ್ಟೆಸೋಡಾ ಹಾಕಿ, ಗಾಜುಗಳನ್ನು ಮುಳುಗಿಸಿಡುವುದು. ಮೇಲಿನ ಕಪ್ಪು ಪೊರೆ ಮೆತ್ತಗಾದ ಮೇಲೆ ಬ್ಲೇಡಿನಿಂದ ಹೆರೆಯುವುದು. ಆ ಕೆಲಸ ನನ್ನದು. ಒಂದು ಬೇಸಿಗೆಯೆಲ್ಲ ಅದನ್ನೇ ಮಾಡಿದೆ. ಹೆರೆದು ತೊಳೆದ ಗಾಜನ್ನು ದೇವರ ಪಟಗಳಿಗೆ ಹಾಕಿ ಮಾರಿದೆವು.

ಹೆರೆಯುವ ಮೊದಲು ಒಂದೊಂದನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಗಾಜಿನಲ್ಲಿ ಎಲ್ಲ ಉಲ್ಟಾ, ಮುಖ ಕಪ್ಪು, ತಲೆಗೂದಲು ಬಿಳಿ. ದೆವ್ವಗಳ ಹಾಗೆ ಕಾಣುತ್ತಾರೆ ಎಂದು ನಕ್ಕಿದ್ದೂ ಉಂಟು. ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತ ಗಂಡಸರ ಒಂದು ಗಾಜು ನೆನಪಿದೆಯೆಂದು ಅಂಜಲೈಯಮ್ಮ ಹೋದ ಮೇಲೆ ನನಗೆ ಅನ್ನಿಸತೊಡಗಿತು. ನಿಜವಾಗಿ ನೆನಪಿತ್ತೋ, ಹೆದರಿಕೆಯೇ ಅದನ್ನು ಕಟ್ಟಿತೋ ಹೇಳಲಾರೆ.

ಗಾಜು ಹೋದರೂ ಅವತ್ತು ಫೋಟೋ ತೆಗೆಸಿಕೊಂಡ ಬೇರೆ ಯಾರ ಮನೆಯಲ್ಲಾದರೂ ಒಂದು ಪ್ರತಿ ಉಳಿದಿರಬಹುದು. ಅದು ಸಿಕ್ಕಿಬಿಟ್ಟರೆ ಹಂಡೆಯ ಮಾತು, ಬ್ಲೇಡಿನ ಮಾತು ಎತ್ತುವ ಅಗತ್ಯವೇ ಬೀಳುವುದಿಲ್ಲ. ಹೋದ ವರ್ಷದ ಆಷಾಢ, ಶ್ರಾವಣ ಎರಡೂ ತಿಂಗಳು ನಾನು ಹುಡುಕಿದ್ದು ಇದಕ್ಕಾಗಿ. ಅಂಜಲೈಯಮ್ಮನಿಗೆ ಎಷ್ಟೋ, ನನ್ನ ಮಾನಕ್ಕೂ ಅಷ್ಟೇ.

ಮೊದಲು ಹೋದದ್ದು ರಾಬರ್ಟ್‌ಸನ್‌ಪೇಟೆಗೆ. ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಹಿಂದಿನ ಮನೆಯಲ್ಲಿ ದೊರೈ ಮೇಷ್ಟ್ರ ಮಗಳು ಸೆಲ್ವಿ ಇದ್ದಾರೆ, ಅವರಿಗೂ ಈಗ ಅರವತ್ತು ಮೀರಿದೆ. ಗುರುತು ಹಿಡಿಯದಿದ್ದರೆ ಸಾಕು ಅಂದುಕೊಂಡು ಹೋಗಿದ್ದೆ. ಕಾಫಿ ಕೊಟ್ಟರು, ಅಟ್ಟದಿಂದ ಎರಡು ಪೆಟ್ಟಿಗೆ ಇಳಿಸಿದರು. ಪ್ಲೇಟುಗಳನ್ನು ಇಡುತ್ತಿದ್ದ ರಟ್ಟಿನ ಖಾಲಿ ಡಬ್ಬಿಗಳು, ಮದುವೆಯ ಜೋಡಿಗಳ ಕೆಲವು ಫೋಟೋಗಳು. ಟೈಮ್ ಆಫೀಸು ಇರಲಿಲ್ಲ. ಎದ್ದು ನಿಂತಾಗ ಆಕೆ ತಾವಾಗಿಯೇ ಮಾತು ತೆಗೆದರು.

"ಗಾಜೆಲ್ಲ ನಿಮ್ಮಪ್ಪಾನೇ ತಗೊಂಡೋದ್ರಲ್ಲ ಅಣ್ಣಾ. ನೀವೂ ಬಂದಿದ್ರಿ. ಮಧ್ಯೆ ಮಧ್ಯೆ ಗೋಣಿಚೀಲ ಮಡ್ಚಿ ಇಟ್ಟು ಗಾಡಿಗೆ ಏರ್ತಿದ್ರಿ. ನಮ್ಮಪ್ಪನ ಕಣ್ಣೆಲ್ಲ ಓಗ್ತಾ ಅದೆ ಅಂತ ನಮ್ಮಮ್ಮ ಅತ್ತಿದ್ದು ನಂಗೆ ಗ್ಯಾಪ್ಕ ಅದೆ."

ಆಕೆಯ ಮಾತಿನಲ್ಲಿ ದೂರು ಇರಲಿಲ್ಲ, ಸುಮ್ಮನೆ ಹಳೆಯದನ್ನು ಹೇಳಿದರು ಅಷ್ಟೆ. ಬಸ್ ಸ್ಟ್ಯಾಂಡಿನವರೆಗೂ ತಲೆ ಎತ್ತದೆ ನಡೆದೆ.

ಆಮೇಲೆ ಸುತ್ತಿದ್ದಕ್ಕೆ ಲೆಕ್ಕವಿಲ್ಲ. ಒಂದು ಕಡೆ ಫೋಟೋ ಗೆದ್ದಲಿಗೆ ಹೋಗಿತ್ತು. ಇನ್ನೊಂದು ಕಡೆ ಗಣಿ ಮುಚ್ಚಿದ ವರ್ಷ ಮನೆ ಖಾಲಿ ಮಾಡುವಾಗ ಕುಪ್ಪಂ ಕಡೆಗೆ ಹೋದ ಸಾಮಾನಿನೊಂದಿಗೆ ಹೋಗಿತ್ತು. ಟೈಮ್‌ಕೀಪರ್ ಆಗಿದ್ದವರ ಮೊಮ್ಮಗನೊಬ್ಬ ಕಟ್ಟಡದ್ದೇ ಫೋಟೋ ಕೊಟ್ಟ, ನೋಡಿದರೆ ಅದು ಬೇರೆ ಶಾಫ್ಟಿನದು, ಮೆಟ್ಟಿಲು ನಾಲ್ಕೇ. ಟೈಮ್ ಆಫೀಸು ಇದ್ದ ಜಾಗಕ್ಕೂ ಹೋಗಿ ನಿಂತೆ. ಮುಳ್ಳುಗಿಡ, ಒಡೆದ ಇಟ್ಟಿಗೆ, ಕಲ್ಲು ಎಬ್ಬಿಸಿದ ಐದು ಉದ್ದನೆಯ ಗುಳಿ. ಗಾಳಿ ಆ ಗುಳಿಗಳಿಗೆ ಬಿಳಿ ಪುಡಿ ತುಂಬುತ್ತಿತ್ತು. ಇಷ್ಟೆಲ್ಲ ಕಟ್ಟಿದ ಊರು ತನ್ನದೆನ್ನುವ ಒಂದು ಕಲ್ಲನ್ನೂ ಉಳಿಸಿಕೊಳ್ಳಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ನಾನೇನು ಉಳಿಸಿದ್ದೆ ಎಂಬುದೂ ಜೊತೆಗೇ ನೆನಪಾಗಿ, ಯಾರ ಮೇಲೂ ಸರಿಯಾಗಿ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ವಾರಕ್ಕೊಮ್ಮೆ ಅಂಜಲೈಯಮ್ಮನ ಮನೆ ಪಕ್ಕದವರ ಫೋನಿನಿಂದ ಕರೆ ಬರುತ್ತಿತ್ತು. ಸಿಕ್ತಾ ತಂಬಿ ಎಂದು ಕೇಳಿ, ಇನ್ನೂ ಇಲ್ಲ ಅಂದರೆ ಸರಿ ಅನ್ನುತ್ತಿದ್ದರು. ಶ್ರಾವಣದ ನಡುವೆ ಎರಡು ವಾರ ಕರೆಯೇ ಬರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆಕೆ ಹೋಗಿಬಿಟ್ಟರೇನೋ, ಹೋಗಿದ್ದರೆ ನಾನು ಬಚಾವ್ ಎಂದು ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತು ಯೋಚಿಸಿದೆ. ಮರುದಿನ ಕರೆ ಬಂತು. ಸಕ್ಕರೆ ಕಾಯಿಲೆ ಏರಿ ಆಸ್ಪತ್ರೆಯಲ್ಲಿದ್ದರಂತೆ. ಕಣ್ಣು ಮಂಜಾಗುತ್ತಿದೆ, ಬೇಗ ಹುಡುಕು ಅಂದರು.

ಬೂದಿಕೋಟೆಯ ಮುನಿವೆಂಕಟಪ್ಪನ ಹೆಸರು ಸಿಕ್ಕಿದ್ದು ಆ ವಾರವೇ. ಅದೇ ಪಾಳಿಯಲ್ಲಿ ಕೆಲಸ ಮಾಡಿದವರು. ಗಣಿ ಬಿಟ್ಟ ಮೇಲೆ ಊರಿಗೆ ಬಂದು ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾ ಕಾಲ ಕಳೆದವರು. ಬಸ್ಸಿಳಿದು ಕೇಳಿಕೊಂಡು ಹೋದಾಗ ಕೊಟ್ಟಿಗೆಯ ಮುಂದೆ ಹುಲ್ಲು ಕತ್ತರಿಸುತ್ತಾ ಕೂತಿದ್ದರು. ಟೈಮ್ ಆಫೀಸಿನ ಫೋಟೋ ಅಂದ ತಕ್ಷಣ ಎದ್ದು ಒಳಗೆ ಹೋದರು. 

ತಂದದ್ದು ಕಟ್ಟು ಹಾಕಿದ ಪಟ, ಮೂಲೆಯ ಜೋಡಣೆ ನೋಡಿದ ಕೂಡಲೇ ನಮ್ಮ ಅಂಗಡಿಯದೆಂದು ಗೊತ್ತಾಯಿತು. ಆದರೆ ಯಾವುದೋ ಮಳೆಗಾಲದಲ್ಲಿ ಸೂರು ಸೋರಿ ಗೋಡೆಯ ನೀರು ಮೇಲಿನಿಂದ ಕಟ್ಟಿನೊಳಗೆ ಇಳಿದಿತ್ತು. ಫೋಟೋದ ಮೇಲರ್ಧ ಗಾಜಿಗೆ ಅಂಟಿ, ಬೂಷ್ಟು ಹಿಡಿದು, ಕರಗಿ, ಹಸಿರುಗಪ್ಪು ಕಲೆಯಾಗಿ ಹೋಗಿತ್ತು. ಮುಖಗಳು ಒಂದೂ ಇರಲಿಲ್ಲ. ಉಳಿದದ್ದು ಮೊಣಕಾಲಿನಿಂದ ಕೆಳಗೆ. ಐದು ಮೆಟ್ಟಿಲು, ಎರಡು ಪಕ್ಕಕ್ಕೂ ಬಾಳೆಕಂದಿನ ಬುಡ, ನಡುವೆ ಸಾಲುಸಾಲು ಕಾಲುಗಳು, ಮುಂದಿನವರ ಸಂದಿಯಲ್ಲಿ ಹಿಂದಿನವರದು. ಎಲ್ಲ ಬರಿಗಾಲು. ಆಯುಧಪೂಜೆಯಾದ್ದರಿಂದ ಬೂಟು, ಹೆಲ್ಮೆಟ್ಟು, ದೀಪ ಎಲ್ಲವನ್ನೂ ಕೆಳಗಿನ ಮೆಟ್ಟಿಲ ಮುಂದೆ ಪೂಜೆಗಿಟ್ಟು ಕುಂಕುಮ ಹಚ್ಚಿದ್ದರು.

ಇದರಲ್ಲಿ ಪೆರುಮಾಳ್ ಯಾರು ಎಂದು ಕೇಳಿದೆ. ಮುದುಕರು ಬಹಳ ಹೊತ್ತು ನೋಡಿದರು.

"ಕಾಲ್ ನೋಡಿ ಯಾರು ಅಂತ ಏಳಕ್ಕಾಯ್ತದಪ್ಪ? ನನ್ ಕಾಲು ಯಾವ್ದು ಅಂತ್ಲೇ ನಂಗ್ ಗೊತ್ತಾಗಾಕಿಲ್ಲ. ಮಕ ಇಲ್ದಿದ್ರೂ ಎಸೀಬಾರ್ದು ಅಂತ ಮಡಗಿವ್ನಿ. ಅವ್ರಲ್ಲಿ ಉಳ್ದಿರೋನು ನಾನೊಬ್ನೇ ಕಣಪ್ಪ."

ಅಂಜಲೈಯಮ್ಮನ ವಿಷಯ ಹೇಳಿದೆ. ಆಯಮ್ಮನಿಗೇ ಕೊಡು ಎಂದು ಪಟವನ್ನು ಟವೆಲಿನಲ್ಲಿ ಸುತ್ತಿಕೊಟ್ಟರು.

ಅಂಗಡಿಗೆ ತಂದು, ನೀರಿನ ಹಬೆ ಹಿಡಿಸಿ, ಇಡೀ ದಿನ ತೆಗೆದುಕೊಂಡು ಗಾಜಿನಿಂದ ಬಿಡಿಸಿದೆ. ಅಷ್ಟು ನಾಜೂಕಾಗಿ ಜನ್ಮದಲ್ಲಿ ಕೆಲಸ ಮಾಡಿರಲಿಲ್ಲ. ಕೆಟ್ಟ ಮೇಲ್ಭಾಗವನ್ನು ರಟ್ಟಿನಿಂದ ಮರೆಮಾಡಿ, ತೇಗದ ಕಟ್ಟು ಹಾಕಿ, ಹೊಸ ಗಾಜು ಕೂರಿಸಿ, ಮೊಬೈಲಿನಲ್ಲಿ ಒಂದು ನಕಲು ತೆಗೆದುಕೊಂಡು, ಗೌರಿಹಬ್ಬದ ಹಿಂದಿನ ವಾರ ಊರಿಗಾಂ ರೈಲು ಹತ್ತಿದೆ. ಮುಖ ಸಿಗಲಿಲ್ಲಮ್ಮ, ನೀರು ಬಿದ್ದು ಹಾಳಾಗಿದೆ ಎಂದು ಹೇಳುವುದು, ಅಷ್ಟಕ್ಕೇ ನಿಲ್ಲಿಸುವುದು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ.

ಲೈನಿನ ಮನೆ ಅಂದರೆ ಒಂದೇ ಕೋಣೆ, ಮೇಲೆ ತಗಡು. ಅಂಜಲೈಯಮ್ಮ ಪಟವನ್ನು ಬಾಗಿಲ ಬೆಳಕಿಗೆ ಹಿಡಿದರು. ನಾನು ಗಟ್ಟಿ ಮಾಡಿಕೊಂಡದ್ದನ್ನು ಹೇಳಿದೆ. ಆಕೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬೆರಳನ್ನು ಗಾಜಿನ ಮೇಲೆ ಮೂರನೆಯ ಮೆಟ್ಟಿಲುದ್ದಕ್ಕೂ ಒಂದೊಂದೇ ಕಾಲಿನ ಮೇಲೆ ಇಡುತ್ತಾ ಹೋದರು. ಎಡದಿಂದ ನಾಲ್ಕನೆಯವರ ಹತ್ತಿರ ಬೆರಳು ನಿಂತಿತು.

"ಇದು ಅವ್ರುದು. ಎಡಗಾಲಲ್ಲಿ ಎಲ್ಡು ಬೆಳ್ಳಿಲ್ಲ ನೋಡು. ಮದ್ವೆ ಆದ್ ವರ್ಸ ಗಣಿ ಟ್ರಾಲಿ ಕಾಲ್ ಮೇಲೆ ಅರ್ದಿತ್ತು. ನಾನೇ ಎಲ್ಡು ತಿಂಗ್ಳು ಬಟ್ಟೆ ಕಟ್ಟಿವ್ನಿ."

ನೋಡಿದೆ. ಕಿರುಬೆರಳೂ ಅದರ ಪಕ್ಕದ್ದೂ ಇರಲಿಲ್ಲ. ಒಂದಿಡೀ ದಿನ ಅದೇ ಫೋಟೋದ ಮೇಲೆ ಬಗ್ಗಿ ಕೂತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವಾಗ ನನ್ನಿಂದ ತಡೆಯಲಾಗಲಿಲ್ಲ. ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಮೇಷ್ಟ್ರ ಗಾಜು, ಗಾಡಿ, ಹಂಡೆ, ಬ್ಲೇಡು, ನಾನು ಬಿಸಿಲಿಗೆ ಹಿಡಿದು ನಕ್ಕಿದ್ದು, ಒಂದನ್ನೂ ಬಿಡಲಿಲ್ಲ.

"ಬ್ಲೇಡಲ್ಲೇನಾ?" ಎಂದು ಕೇಳಿದರು.

"ಹೂನಮ್ಮ. ಬ್ಲೇಡಲ್ಲಿ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ಯಾರೋ ನಲ್ಲಿಗೆ ಕೊಡ ಸಾಲಿಡುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ಪಟವನ್ನು ನನ್ನ ಕಡೆ ಚಾಚಿದರು.

"ಗಾಜು ತೆಗ್ದುಬುಡು ತಂಬಿ."

ಗಾಜಿಲ್ಲದಿದ್ದರೆ ಧೂಳು ಕೂರುತ್ತದೆ, ಇಲ್ಲಿಯ ಧೂಳು ಬೇರೆ ಕೆಟ್ಟದ್ದು, ಎರಡು ವರ್ಷ ಬಾಳಲ್ಲ ಎಂದು ಕಸುಬಿನವನ ಬುದ್ಧಿ ಹೇಳಿದೆ. ಕೂರ್ಲಿ, ನಾನು ಒರೆಸ್ತೀನಿ ಅಂದರು. ಹಿಂದಿನ ಮೊಳೆ ಕಿತ್ತು ಗಾಜನ್ನು ಹೊರಗೆ ಎಳೆದುಕೊಟ್ಟೆ. ಮಂಚದ ಪಕ್ಕದ ಗೋಡೆಗೆ, ಮಲಗಿದರೆ ಕೈಗೆ ಸಿಗುವ ಎತ್ತರಕ್ಕೆ ಮೊಳೆ ಹೊಡೆಸಿಕೊಂಡರು. ಆ ಗಾಜನ್ನು ಕಂಕುಳಲ್ಲಿಟ್ಟುಕೊಂಡು ವಾಪಸು ಬಂದೆ. ಅಂಗಡಿಯಲ್ಲಿ ಈಗಲೂ ಇದೆ, ಯಾವ ದೇವರಿಗೂ ಹಾಕಲು ಮನಸ್ಸು ಬಂದಿಲ್ಲ.

ಅದು ಹೋದ ವರ್ಷ. ವರ್ಷವಿಡೀ ಹೋಗದೆ ತಪ್ಪಿಸಿಕೊಂಡು, ಮೊನ್ನೆ ಹೋದೆ. ಅಂಜಲೈಯಮ್ಮ ಮಂಚದಲ್ಲಿ ಕೂತಿದ್ದರು. ದನಿಯಿಂದ ನನ್ನ ಗುರುತು ಹಿಡಿದರು, ಕಣ್ಣು ಪೂರ್ತಿ ಹೋಗಿದೆ. ಸಕ್ಕರೆ ಇಳಿಯದೆ ಆಪರೇಷನ್ ಆಗಲ್ಲ ಅಂದಿದ್ದಾರಂತೆ. ಕೋಣೆಯ ಎಲ್ಲದರ ಮೇಲೂ, ಪಾತ್ರೆ, ಪೆಟ್ಟಿಗೆ, ಮುರುಗನ ಪಟದ ಮೇಲೂ ಬಿಳಿ ಪುಡಿ ತೆಳ್ಳಗೆ ಕೂತಿತ್ತು. ಮಂಚದ ಪಕ್ಕದ ಪಟದ ಮೇಲೆ ಮಾತ್ರ ಇರಲಿಲ್ಲ.

ಹತ್ತಿರ ಹೋಗಿ ನೋಡಿದೆ. ಐದು ಮೆಟ್ಟಿಲೂ ಇದ್ದವು. ಬಾಳೆಕಂದಿನ ಬುಡವಿತ್ತು. ಪೂಜೆಗಿಟ್ಟ ಬೂಟುಗಳು, ಉಳಿದವರೆಲ್ಲರ ಕಾಲುಗಳು ಹಾಗೇ ಇದ್ದವು. ಮೂರನೆಯ ಮೆಟ್ಟಿಲಲ್ಲಿ ಎಡದಿಂದ ನಾಲ್ಕನೆಯ ಜಾಗವಷ್ಟೇ ಉಜ್ಜಿ ಉಜ್ಜಿ ಬಿಳಿ ಕಾಗದವಾಗಿತ್ತು. ನಾನು ಬ್ಲೇಡಿನಿಂದ ಅರ್ಧ ಗಂಟೆಯಲ್ಲಿ ಮಾಡಿದ ಕೆಲಸವನ್ನು ಆಕೆಯ ಬೆರಳು ಒಂದು ವರ್ಷ ಹಿಡಿದು ಮಾಡಿತ್ತು. ಮೊಬೈಲಿನಲ್ಲಿ ನಕಲಿದೆ, ಹೊಸದೊಂದು ಹಾಕಿಸಬಹುದು. ಯಾರಿಗೆ ತೋರಿಸಲು ಹಾಕಿಸಲಿ?

ಅಂಜಲೈಯಮ್ಮ ಕೈ ಚಾಚಿ ಗೋಡೆ ತಡವಿದರು. ಬೆರಳು ತಪ್ಪದೆ ಆ ಬಿಳಿಯ ಜಾಗಕ್ಕೇ ಹೋಯಿತು.

"ದಿನಾ ಒರೆಸ್ತೀನಿ ತಂಬಿ," ಅಂದರು. "ಕಾಲು ಚೆನ್ನಾಗ್ ಕಾಣ್ತದಾ?"

ಕಾಣ್ತದಮ್ಮ ಅಂದೆ.